ಜನಾಂಗಪತ್ರಿಕೆಗಳೂ ಪಾರಿತೋಷಕಗಳೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವೃತ್ತಪತ್ರಿಕೆಗಳಿಗೆ ಸಲ್ಲುವ ಗೌರವಗಳೊಳಗೆ ಪುಲಿಟ್ಜರ್ ಪಾರಿತೋಷಕಕ್ಕೆ ಅಗ್ರಸ್ಥಾನವುಂಟು. ಅದನ್ನು ಸ್ಥಾಪಿಸಿದ ಜೋಸೆಫ್ ಪುಲಿಟ್ಜರರು ಹಂಗೆರಿ ದೇಶದ ಮಾಕೋ ಎಂಬ ಊರಿನಲ್ಲಿ ೧೮೪೭ನೆಯ ಇಸವಿಯಲ್ಲಿ ಹುಟ್ಟಿದವರು. ೧೮೬೪ರಲ್ಲಿ, ಅಮೆರಿಕದ ಅಂತರ್ಯುದ್ಧವು ಇನ್ನೂ ನಡೆಯುತ್ತಿದ್ದಾಗ, ಸೈನ್ಯಕ್ಕೆ ಸೇರುವ ಕರಾರಿನ ಮೇಲೆ ಹಡಗನ್ನೇರಿ ಬಂದವರು. ಆಗ ಅವರಿಗೆ ಜರ್ಮನ್ ಭಾಷೆಯು ಚೆನ್ನಾಗಿ ತಿಳಿದಿದ್ದಿತು; ಇಂಗ್ಲಿಷು ಅಷ್ಟಾಗಿ ಬಾರದು. ಯುದ್ಧವು ಮುಗಿದ ಬಳಿಕ ಕೆಲಸವಿಲ್ಲದೆ ಅಲೆಯುತ್ತ ಸೇಂಟ್ ಲೂಯಿಸ್ ಪಟ್ಟಣಕ್ಕೆ ಹೋದರು. ೧೮೬೮ರಲ್ಲಿ ಅವರಿಗೆ ವರದಿಗಾರನ ಕೆಲಸವನ್ನು ಮೊಟ್ಟಮೊದಲು ಕೊಟ್ಟುದು 'ವೆಸ್ಟ್ಲಿಖೆ ಪೋಸ್ಟ್' ಎಂಬ ಅಲ್ಲಿಯ ಜರ್ಮನ್ ಪತ್ರಿಕೆ. ಅವರು ಇಂಗ್ಲಿಷ್ ಪತ್ರಿಕೆಗಳನ್ನು ಕೊಂಡು ನಡೆಯಿಸಿ ದೊಡ್ಡ ಧನಿಕರಾದುದೆಲ್ಲವೂ ಅನಂತರದ ಮಾತು. ೧೯೧೧ರಲ್ಲಿ ಅವರು ತೀರಿಕೊಂಡರು. ಅವರ ಮರಣಶಾಸನದಂತೆ ೧೯೧೭ರಲ್ಲಿ ಪಾರಿತೋಷಕಗಳನ್ನು ಮೊದಲ ಬಾರಿ ಹಂಚಲಾಯಿತು. ಹೀಗೆ, ಪರದೇಶದಿಂದ ಬಂದವರು ತಮ್ಮ ಭಾಷೆಯಲ್ಲಿ ತಮಗಾಗಿ ಅಚ್ಚುಮಾಡಿಕೊಳ್ಳುತ್ತಿದ್ದ ಸಣ್ಣ ಪತ್ರಿಕೆಯೇ ಈ ಮಹಾಗೌರವದ ತವರುಮನೆಯೆಂದು ಹೇಳಬಹುದು. ಆದರೆ ಆ ತವರಿನ ಕಡೆಗೆ ಪಾರಿತೋಷಕವು ತಿರುಗಿ ನೋಡಿದುದು ಬಹಳ ತಡವಾಗಿ. ಅಂಥ ಪತ್ರಿಕೆಗಳಿಗೆ ಬೇರೆ ಪಾರಿತೋಷಕಗಳು ಏಕೆ ಹುಟ್ಟಿದುವು, ಅವುಗಳಿಂದ ನಿಜವಾಗಿ ಆಗುವ ಕೆಲಸವೇನು ಎಂಬುದನ್ನು ತಿಳಿಯಬೇಕಾದರೆ ಆ ಪತ್ರಿಕೆಗಳ ಸ್ಥಿತಿಯನ್ನು ಸ್ವಲ್ಪ ವಿಚಾರಿಸಬೇಕು.

ಜನಾಂಗಪತ್ರಿಕೆಯೆಂದರೆ ಒಂದು ದೇಶದ ಬಹುಜನರ ನಡುವೆ ಬೇರೆಯಾಗಿ ಗುರುತಿಸಲ್ಪಡುವ ಒಂದು ಜನಾಂಗವು ತನ್ನವರಿಗಾಗಿ ತಾನೇ ನಡೆಯಿಸಿಕೊಳ್ಳುವ ಪತ್ರಿಕೆ. ಅದರ ಭಾಷೆಯು ಬೇರೆಯಾಗಿರಲೇಬೇಕೆಂಬ ನಿಯಮವಿಲ್ಲ. ಆಫ್ರಿಕಾಮೂಲದ ಅಮೆರಿಕನ್ನರ ಪತ್ರಿಕೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಹೊರಟವು. ಈ ಸಂಪ್ರದಾಯವು ಅಮೆರಿಕದಲ್ಲಿ ಹೊಸದಲ್ಲ. ೧೭೩೨ರಲ್ಲಿಯೇ ಬೆಂಜಮಿನ್ ಫ್ರಾಂಕ್ಲಿನ್ನರು ಫಿಲಡೆಲ್ಫಿಯದಲ್ಲಿ ಒಂದು ಜರ್ಮನ್ ಪತ್ರಿಕೆಯನ್ನು ಅಚ್ಚುಮಾಡಿದ್ದರು. ಅದು ಬೇಗನೆ ನಿಂತುಹೋಯಿತು. ೧೮೦೮ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಸ್ಪ್ಯಾನಿಷ್ ಪತ್ರಿಕೆಯೂ, ೧೮೨೭ರಲ್ಲಿ ನ್ಯೂಯಾರ್ಕಿನಲ್ಲಿ ಆಫ್ರಿಕಾಮೂಲದವರೇ ನಡೆಯಿಸಿದ 'ಫ್ರೀಡಮ್ಸ್ ಜರ್ನಲ್' ಎಂಬ ಪತ್ರಿಕೆಯೂ, ೧೮೨೮ರಲ್ಲಿ ಚೆರೋಕಿ ಜನರ 'ಚೆರೋಕಿ ಫೀನಿಕ್ಸ್' ಪತ್ರಿಕೆಯೂ, ೧೮೯೭ರಲ್ಲಿ ಯಿಡ್ಡಿಷ್ ಭಾಷೆಯ 'ಫೋರ್ವರ್ಟ್ಸ್' ಪತ್ರಿಕೆಯೂ ಹುಟ್ಟಿದುವು. ಭಾರತೀಯರಿಗೆ ಚೆನ್ನಾಗಿ ತಿಳಿದ 'ಗದರ್' ಪತ್ರಿಕೆಯು ೧೯೧೩ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಉರ್ದು ಮತ್ತು ಪಂಜಾಬಿಯಲ್ಲಿ ಹೊರಟಿತು. ಅದನ್ನು ನಡೆಯಿಸಿದವರಲ್ಲಿ ಕೆಲವರಿಗೆ ದೊರೆತುದು ಪಾರಿತೋಷಕವಲ್ಲ, ಗಲ್ಲು. ಇಂಥ ಪತ್ರಿಕೆಯು ತನ್ನ ವಾಚಕರಿಗೆ ಸುದ್ದಿಯನ್ನು ತಿಳಿಸುವುದಲ್ಲದೆ ಬೇರೆ ಹಲವು ಕೆಲಸಗಳನ್ನೂ ಮಾಡುವುದು. ಬಾಡಿಗೆಯ ಮನೆ ಎಲ್ಲಿ ಸಿಕ್ಕೀತು, ಹೊಸ ಕಾನೂನಿನಿಂದ ಯಾರಿಗೆ ತೊಂದರೆ, ಮಕ್ಕಳನ್ನು ಪಾಠಶಾಲೆಗೆ ಸೇರಿಸುವ ಬಗೆ ಹೇಗೆ, ಹಿಂದಿನ ಊರಿನಲ್ಲಿ ಯಾರು ತೀರಿಹೋದರು — ಇವೆಲ್ಲವನ್ನೂ ಅದು ಹೇಳಬೇಕು. ದೊಡ್ಡ ಪತ್ರಿಕೆಯು ಒಂದು ಜನಾಂಗವನ್ನು ಅಪರಾಧದ ಅಂಕಣದಲ್ಲಿ ಮಾತ್ರ ಕಾಣುತ್ತಿರಲು, ಅದೇ ಜನರ ಮದುವೆ, ವ್ಯಾಪಾರ, ವಿದ್ಯೆ, ದುಃಖಗಳು ಅಚ್ಚಾಗುವುದು ಈ ಪತ್ರಿಕೆಯಲ್ಲಿಯೇ.

ಮೊದಲ ಪುಲಿಟ್ಜರ್ ಪಾರಿತೋಷಕಗಳನ್ನು ಹಂಚಿದ ೧೯೧೭ನೆಯ ಇಸವಿಯಲ್ಲಿಯೇ ನಡೆದ ಮತ್ತೊಂದು ಸಂಗತಿಯನ್ನು ಇಲ್ಲಿ ಮರೆಯಬಾರದು. ಆ ವರುಷದ ಏಪ್ರಿಲಿನಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ವರದಿಗಾರಿಕೆಯ ಮೊದಲ ಪಾರಿತೋಷಕವು ಪುಲಿಟ್ಜರರದೇ ಆದ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಹರ್ಬರ್ಟ್ ಬೇಯಾರ್ಡ್ ಸ್ವೋಪರಿಗೆ, ಜರ್ಮನ್ ಸಾಮ್ರಾಜ್ಯದ ಒಳಗಿನ ಸ್ಥಿತಿಗತಿಗಳನ್ನು ವರ್ಣಿಸಿದ ಲೇಖನಗಳಿಗಾಗಿ ಸಂದಿತು. ಅದೇ ಅಕ್ಟೋಬರಿನಲ್ಲಿ, ಶತ್ರುಗಳೊಡನೆ ವ್ಯಾಪಾರವನ್ನು ತಡೆಯುವುದಕ್ಕೆಂದು ಹುಟ್ಟಿದ ಒಂದು ಕಾಯಿದೆಯು ಪರಭಾಷೆಯ ಪತ್ರಿಕೆಗಳ ಮೇಲೂ ಕೈಯಿಟ್ಟಿತು. ಇಂಗ್ಲಿಷಲ್ಲದ ಭಾಷೆಯ ಪತ್ರಿಕೆಯು ಸರ್ಕಾರವನ್ನಾಗಲಿ ಯುದ್ಧವನ್ನಾಗಲಿ ಕುರಿತು ಏನನ್ನು ಬರೆದರೂ ಅದರ ಸರಿಯಾದ ಇಂಗ್ಲಿಷ್ ಭಾಷಾಂತರವನ್ನು ಪ್ರಮಾಣಪೂರ್ವಕವಾಗಿ ಅಂಚೆಯ ಅಧಿಕಾರಿಗೆ ಒಪ್ಪಿಸಬೇಕು. ಒಪ್ಪಿಸದ ಪತ್ರಿಕೆಗೆ ಅಂಚೆಯಿಲ್ಲ. ಅಪಾಯಕರವಲ್ಲವೆಂದು ಸರ್ಕಾರಕ್ಕೆ ತೋರಿದ ಪತ್ರಿಕೆಗಳು ಮಾತ್ರ ವಿನಾಯಿತಿಯನ್ನು ಪಡೆಯಬಹುದಾಗಿತ್ತು. ಸಂಪಾದಕನೇ ಮೊಳೆಗಳನ್ನು ಜೋಡಿಸಿ, ಅವನೇ ಕಟ್ಟುಗಳನ್ನು ಅಂಚೆಗೆ ಹೊರುವ ಪತ್ರಿಕೆಗೆ ಪ್ರತಿ ಸಂಚಿಕೆಗೂ ಭಾಷಾಂತರಕಾರನನ್ನಿಡುವ ಶಕ್ತಿಯೆಲ್ಲಿಯದು? ಅನೇಕ ಪತ್ರಿಕೆಗಳು, ಮುಖ್ಯವಾಗಿ ಜರ್ಮನ್ ಪತ್ರಿಕೆಗಳು, ಯುದ್ಧಕಾಲದಲ್ಲಿ ನಿಂತುಹೋದುವು. ಉಳಿದವುಗಳಲ್ಲಿ ಹಲವು ರಾಜಕೀಯದ ಮಾತನ್ನೇ ಬಿಟ್ಟುವು. ಜನಾಂಗಪತ್ರಿಕೆಯನ್ನು ಓದಬೇಕೆಂದು ಹೊರಗಿನವರಿಗೆ ಮೊದಲು ತೋರಿದುದು ಸಂಶಯದಿಂದ; ಆದರದಿಂದ ಓದಬೇಕೆಂದು ತೋರುವುದಕ್ಕೆ ಮತ್ತೂ ಎಂಬತ್ತು ವರುಷಗಳು ಹಿಡಿದುವು.

ಇಂಗ್ಲಿಷಿನಲ್ಲಿಯೇ ಬರೆದವರ ಪಾಡಾದರೂ ಉತ್ತಮವಾಗಿತ್ತೇ ಎಂದರೆ, ಹಾಗೆ ಹೇಳುವಂತಿಲ್ಲ. ಐಡಾ ಬಿ. ವೆಲ್ಸ್ ಎಂಬಾಕೆಯು ೧೮೬೨ರಲ್ಲಿ ಮಿಸಿಸಿಪ್ಪಿ ಸಂಸ್ಥಾನದಲ್ಲಿ ದಾಸ್ಯದೊಳಗೇ ಹುಟ್ಟಿದವರು. ಮೆಂಫಿಸ್ ಪಟ್ಟಣದಲ್ಲಿ 'ಫ್ರೀ ಸ್ಪೀಚ್' ಎಂಬ ಪತ್ರಿಕೆಯ ಸಂಪಾದಕರಲ್ಲೊಬ್ಬರಾದರು. ೧೮೯೨ರ ಮಾರ್ಚಿಯಲ್ಲಿ ಅವರ ಮಿತ್ರನೊಬ್ಬನನ್ನೂ ಅವನ ಅಂಗಡಿಯ ಇನ್ನಿಬ್ಬರನ್ನೂ ಬಿಳಿಯರ ಗುಂಪು ಸೆರೆಮನೆಯಿಂದ ಎಳೆದೊಯ್ದು ಕೊಂದಿತು. ಹೀಗೆ ವಿಚಾರಣೆಯಿಲ್ಲದೆ ಕೊಲ್ಲುವುದಕ್ಕೆ ಹೇಳುತ್ತಿದ್ದ ಕಾರಣಗಳು ಬಹುಮಟ್ಟಿಗೆ ಸುಳ್ಳೆಂದು ಆಕೆ ಬರೆದರು. ಮೇ ತಿಂಗಳಲ್ಲಿ, ಆಕೆ ಪರಸ್ಥಳದಲ್ಲಿದ್ದಾಗ, ಅಚ್ಚುಕೂಟವನ್ನು ಧ್ವಂಸಮಾಡಿದರು. ಊರಿಗೆ ಹಿಂತಿರುಗಿದರೆ ಕೊಲ್ಲುವುದಾಗಿ ಹೆದರಿಸಿದರು. ಆಕೆ ಹಿಂತಿರುಗಲಿಲ್ಲ, ಬರೆಯುವುದನ್ನು ಬಿಡಲೂ ಇಲ್ಲ. ಒಂದೊಂದು ಕೊಲೆಯ ಹೆಸರು, ಸ್ಥಳ, ಹೇಳಿದ ಕಾರಣ ಇವುಗಳನ್ನು ಬಿಳಿಯರ ಪತ್ರಿಕೆಗಳಿಂದಲೇ ಆಯ್ದು, ಎಣಿಸಿ, ಪಟ್ಟಿಮಾಡಿ ಮುದ್ರಿಸಿದರು. ವಿರೋಧಿಯ ಲೆಕ್ಕವನ್ನೇ ವಿರೋಧಿಯ ಮುಂದಿಟ್ಟ ಈ ಕ್ರಮವು ಇಂದಿನ ಶೋಧನಾತ್ಮಕ ಪತ್ರಿಕಾವೃತ್ತಿಗೆ ಮೇಲ್ಪಂಕ್ತಿಯಾಗಿ ಎಣಿಸಲ್ಪಡುತ್ತಿದೆ. ಆಕೆ ೧೯೩೧ರಲ್ಲಿ ತೀರಿಕೊಂಡರು. ಪುಲಿಟ್ಜರ್ ಮಂಡಲಿಯು ಆಕೆಗೆ ವಿಶೇಷ ಗೌರವವನ್ನು ಸಲ್ಲಿಸಿ, ಆಕೆಯ ಉದ್ದೇಶಗಳ ಬೆಂಬಲಕ್ಕಾಗಿ ಕಡಿಮೆಯೆಂದರೆ ೫೦,೦೦೦ ಡಾಲರುಗಳನ್ನು ಮುಡಿಪಾಗಿಟ್ಟುದು ೨೦೨೦ರಲ್ಲಿ, ಎಂದರೆ ಆಕೆ ಸತ್ತ ೮೯ ವರುಷಗಳ ಮೇಲೆ.

ಇವೆರಡು ಕಾಲಗಳ ನಡುವೆ ನಡೆದ ಒಂದು ಪ್ರಸಂಗವು ಪಾರಿತೋಷಕದ ನಿಯಮಗಳು ಹೇಗೆ ಕೆಲಸಮಾಡುತ್ತಿದ್ದುವೆಂಬುದನ್ನು ಚೆನ್ನಾಗಿ ತೋರಿಸುವುದು. ೧೯೬೮ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಅಂತ್ಯಕ್ರಿಯೆಯು ಅಟ್ಲಾಂಟಾದಲ್ಲಿ ನಡೆಯಿತು. ದೇವಾಲಯದೊಳಗೆ ಬಿಡುವುದಕ್ಕೆಂದು ಆರಿಸಿದ ಛಾಯಾಚಿತ್ರಗಾರರ ತಂಡದಲ್ಲಿ ಆಫ್ರಿಕಾಮೂಲದವನು ಒಬ್ಬನೂ ಇರಲಿಲ್ಲ. ಇದನ್ನು ತಿಳಿದ ಕಿಂಗರ ಪತ್ನಿ ಕೊರೆಟ್ಟಾ ಅವರು, 'ಎಬೊನಿ' ಎಂಬ ತಮ್ಮ ಜನರ ಮಾಸಪತ್ರಿಕೆಯ ಮೊನೆಟಾ ಸ್ಲೀಟರನ್ನು ಸೇರಿಸಿಕೊಳ್ಳದಿದ್ದರೆ ಒಳಗೆ ಯಾರೂ ಬೇಡವೆಂದು ಹೇಳಿಕಳುಹಿದರು. ಸ್ಲೀಟರು ತೆಗೆದ ಚಿತ್ರದಲ್ಲಿ ಆ ತಾಯಿಯು ಕಪ್ಪು ಮುಸುಕಿನೊಳಗೆ ನೇರವಾಗಿ ಕುಳಿತಿರುವರು. ಐದು ವರುಷದ ಮಗಳು ಅವರ ಮಡಿಲಿಗೆ ಒರಗಿರುವಳು. ೧೯೬೯ರಲ್ಲಿ ಈ ಚಿತ್ರಕ್ಕೆ ಪುಲಿಟ್ಜರ್ ಸಂದಿತು. ಪತ್ರಿಕಾವೃತ್ತಿಗಾಗಿ ಅದನ್ನು ಪಡೆದ ಆಫ್ರಿಕಾಮೂಲದ ಅಮೆರಿಕನ್ನರಲ್ಲಿ ಸ್ಲೀಟರೇ ಮೊದಲಿಗರು. ಆದರೆ ಆಗ ಪಾರಿತೋಷಕವು ದಿನಪತ್ರಿಕೆ ವಾರಪತ್ರಿಕೆಗಳಿಗೆ ಮಾತ್ರ ಮೀಸಲಾಗಿದ್ದು, 'ಎಬೊನಿ'ಯಂಥ ಮಾಸಪತ್ರಿಕೆಗೆ ಪ್ರವೇಶವಿರಲಿಲ್ಲ. ಆ ಚಿತ್ರವು ತಂಡದ ಸಾಮಾನ್ಯ ಸ್ವತ್ತಾಗಿ ಸುದ್ದಿಸಂಸ್ಥೆಯ ಮೂಲಕ ದೇಶದ ದಿನಪತ್ರಿಕೆಗಳಲ್ಲಿ ಅಚ್ಚಾದುದರಿಂದಲೇ ಪರೀಕ್ಷಕರ ಮುಂದೆ ಬರಲು ಸಾಧ್ಯವಾಯಿತು. ದೊಡ್ಡ ಬಾಗಿಲನ್ನು ಹಾಯ್ದು ಬಂದುದು ಪರೀಕ್ಷಕರ ಕಣ್ಣಿಗೆ ಬಿದ್ದಿತು. ಅದೇ ಚಿತ್ರವು ತನ್ನ ಮನೆಯ ಪತ್ರಿಕೆಯಲ್ಲಿ ಮಾತ್ರ ಬಂದಿದ್ದರೆ ಬೀಳುತ್ತಿರಲಿಲ್ಲ.

ಹೀಗಿರಲು ಜನಾಂಗಪತ್ರಿಕೆಗಳು ತಮ್ಮ ಗೌರವಗಳನ್ನು ತಾವೇ ಏರ್ಪಡಿಸಿಕೊಂಡುದು ಸಹಜವೇ ಆಗಿದೆ. ಆಫ್ರಿಕಾಮೂಲದ ಪತ್ರಿಕೆಗಳ ಒಡೆಯರು ೧೯೪೦ರಲ್ಲಿ ಚಿಕಾಗೋ ನಗರದಲ್ಲಿ ಸೇರಿ ಸ್ಥಾಪಿಸಿದ ಸಂಘವು, 'ಫ್ರೀಡಮ್ಸ್ ಜರ್ನಲ್' ಪತ್ರಿಕೆಯ ಇಬ್ಬರು ಸ್ಥಾಪಕರಲ್ಲೊಬ್ಬರಾದ ಜಾನ್ ರಸ್ವರ್ಮರ ಹೆಸರಿನಲ್ಲಿ ಪಾರಿತೋಷಕವನ್ನಿಟ್ಟಿತು. ಅಮೆರಿಕದ ಆದಿನಿವಾಸಿಗಳ ಪತ್ರಿಕಾಸಂಘವು ೧೯೮೪ರಲ್ಲಿ ಹುಟ್ಟಿತು. ಆ ಸಂಘವು ಕೊಡುವ ಹಲವು ಗೌರವಗಳಲ್ಲಿ ಪತ್ರಿಕಾಸ್ವಾತಂತ್ರ್ಯಕ್ಕಾಗಿ ಹೋರಾಡಿದವರಿಗೆ ಸಲ್ಲುವ ಒಂದಕ್ಕೆ ಇಲಿಯಾಸ್ ಬೂಡಿನೋ ಅವರ ಹೆಸರಿರುವುದು. ಈ ಹೆಸರಿನ ಹಿಂದಿನ ಕಥೆಯು ತುಸು ವಿಸ್ತಾರವಾಗಿ ಹೇಳಲು ತಕ್ಕುದು.

ಚೆರೋಕಿ ಜನರಿಗೆ ಮೊದಲು ಲಿಪಿಯಿರಲಿಲ್ಲ. ಇಂಗ್ಲಿಷನ್ನು ಓದಲಾರದ ಸೆಕ್ವೋಯಾ ಎಂಬವರು ಹಲವು ವರುಷ ಶ್ರಮಪಟ್ಟು ೧೮೨೧ರ ಹೊತ್ತಿಗೆ ಒಂದು ಲಿಪಿಯನ್ನು ಕಟ್ಟಿ ಮುಗಿಸಿದರು. ಅದರಲ್ಲಿ ಅಕ್ಷರಗಳ ಸಂಖ್ಯೆ ೮೫. ಕನ್ನಡದ 'ಕ, ಕಿ, ಕು' ಎಂಬಂತೆ ಅಲ್ಲಿಯೂ ವ್ಯಂಜನ ಸ್ವರಗಳು ಕೂಡಿದ ಒಂದೊಂದು ಧ್ವನಿಗೂ ಒಂದೊಂದು ಅಕ್ಷರವುಂಟು. ಭೇದವೇನೆಂದರೆ, ಕಾಗುಣಿತದ ಸಂಬಂಧವಿಲ್ಲದೆ ಪ್ರತಿಯೊಂದಕ್ಕೂ ಬೇರೆಬೇರೆ ರೂಪವಿರುವುದು. ಕೆಲವೇ ವರುಷಗಳಲ್ಲಿ ಆ ಜನರಲ್ಲಿ ಬಹುಮಂದಿ ಓದಬರೆಯಲು ಕಲಿತರು. ಚೆರೋಕಿ ರಾಷ್ಟ್ರಸಭೆಯು ಹಣವನ್ನು ಮಂಜೂರುಮಾಡಿ, ಬಾಸ್ಟನ್ನಿನಲ್ಲಿ ಮೊಳೆಗಳನ್ನು ಎರಕಹೊಯ್ಯಿಸಿ ತರಿಸಿತು. ೧೮೨೮ರ ಫೆಬ್ರವರಿ ೨೧ರಲ್ಲಿ ನ್ಯೂ ಎಕೋಟಾ ಎಂಬಲ್ಲಿ ಎರಡು ಭಾಷೆಗಳ ಅಂಕಣಗಳೊಡನೆ 'ಚೆರೋಕಿ ಫೀನಿಕ್ಸ್' ಹೊರಬಿದ್ದಿತು. ಅದರ ಸಂಪಾದಕರೇ ಬೂಡಿನೋ. ಚೆರೋಕಿಗಳನ್ನು ಅವರ ಭೂಮಿಯಿಂದ ಹೊರಡಿಸಬೇಕೆಂದು ಜಾರ್ಜಿಯಾ ಸಂಸ್ಥಾನವೂ ಕೇಂದ್ರಸರ್ಕಾರವೂ ಹಟಹಿಡಿದಿದ್ದ ಕಾಲವದು. ಮೊದಮೊದಲು ಬೂಡಿನೋ ಅದನ್ನು ತೀವ್ರವಾಗಿ ಖಂಡಿಸಿದರು. ಕ್ರಮೇಣ, ಹೋರಾಟದಲ್ಲಿ ಗೆಲುವಿಲ್ಲ, ಒಪ್ಪಂದವನ್ನು ಮಾಡಿಕೊಂಡು ಹೋಗುವುದೇ ಜನರು ಬದುಕುವ ದಾರಿಯೆಂದು ಅವರಿಗೆ ತೋರಿತು. ಈ ಪಕ್ಷದ ವಾದವನ್ನೂ ಪತ್ರಿಕೆಯಲ್ಲಿ ಹಾಕಬೇಕೆಂದರು. ಮುಖ್ಯಸ್ಥರಾದ ಜಾನ್ ರಾಸರು ಕೂಡದೆಂದರು. ಪತ್ರಿಕೆಯು ರಾಷ್ಟ್ರಸಭೆಯ ಸ್ವತ್ತು. ಬೂಡಿನೋ ೧೮೩೨ರಲ್ಲಿ ಕೆಲಸವನ್ನು ಬಿಟ್ಟರು. ೧೮೩೪ರಲ್ಲಿ ಪತ್ರಿಕೆ ನಿಂತಿತು. ೧೮೩೫ರಲ್ಲಿ ಅಚ್ಚಿನ ಯಂತ್ರವನ್ನು ಜಾರ್ಜಿಯಾದ ಸೈನಿಕರು ಹೊತ್ತೊಯ್ದರು. ಅದೇ ವರುಷದ ಕೊನೆಯಲ್ಲಿ, ಬಹುಜನರ ಸಮ್ಮತಿಯಿಲ್ಲದ ಒಪ್ಪಂದಕ್ಕೆ ಬೂಡಿನೋ ಮತ್ತು ಅವರ ಪಕ್ಷದವರು ಸಹಿಹಾಕಿದರು. ಆ ಒಪ್ಪಂದದ ಬಲದಿಂದ ೧೮೩೮-೩೯ರಲ್ಲಿ ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಸಾವಿರಾರು ಮಂದಿ ದಾರಿಯಲ್ಲಿ ಸತ್ತರು. ೧೮೩೯ರ ಜೂನಿನಲ್ಲಿ ಸ್ವಜನರೇ ಬೂಡಿನೋ ಅವರನ್ನು ಕೊಂದರು.

ಅವರನ್ನು ದ್ರೋಹಿಯೆಂದು ಎಣಿಸುವವರು ಈಗಲೂ ಇರುವರು. ಆದರೂ ಪಾರಿತೋಷಕಕ್ಕೆ ಆ ಹೆಸರನ್ನೇ ಆರಿಸಿದುದರಲ್ಲಿ ಒಂದು ಧೈರ್ಯವಿರುವುದನ್ನು ಒಪ್ಪಬೇಕು. ಜನಾಂಗಪತ್ರಿಕೆಗೆ ಹೊರಗಿನ ವೈರಿಯಿಂದ ಬರುವ ವಿಪತ್ತಿನಂತೆಯೇ ಮನೆಯ ಹಿರಿಯನಿಂದ ಬರುವ ವಿಪತ್ತೂ ಉಂಟೆಂಬುದನ್ನು ಆ ಹೆಸರು ಮುಚ್ಚಿಡುವುದಿಲ್ಲ. ಆದಿನಿವಾಸಿಗಳ ಪತ್ರಿಕೆಗಳಲ್ಲಿ ಹೆಚ್ಚಿನವು ಇಂದಿಗೂ ಅವರವರ ಬುಡಕಟ್ಟಿನ ಸರ್ಕಾರದ ಹಣದಿಂದಲೇ ನಡೆಯುವುವು. ಮಸ್ಕೋಗಿ ರಾಷ್ಟ್ರದ ಸಭೆಯು ೨೦೧೫ರಲ್ಲಿ ತಾನೇ ಕೊಟ್ಟ ಪತ್ರಿಕಾಸ್ವಾತಂತ್ರ್ಯವನ್ನು ೨೦೧೮ರಲ್ಲಿ ತಾನೇ ಹಿಂತೆಗೆದುಕೊಂಡಿತು. ೨೦೨೧ರಲ್ಲಿ ಜನರ ಮತದಿಂದ ಅದು ರಾಜ್ಯಾಂಗದೊಳಗೆ ಸೇರಿತು. ಹೊಗಳಿಕೆಯ ಪತ್ರಗಳನ್ನು ಹಂಚುವುದಷ್ಟೇ ಕೆಲಸವಾಗಿದ್ದರೆ ಇದಕ್ಕಿಂತ ನಿರಪಾಯವಾದ ಹೆಸರುಗಳು ಬೇಕಾದಷ್ಟು ಸಿಕ್ಕುತ್ತಿದ್ದುವು.

ಆಯಾ ಜನಾಂಗವು ತನ್ನವರಿಗೆ ಕೊಟ್ಟುಕೊಳ್ಳುವ ಗೌರವಗಳಲ್ಲಿ ಒಂದು ಕೊರತೆಯುಂಟು: ಅವು ಮನೆಯ ಅಂಗಳವನ್ನು ದಾಟುವುದಿಲ್ಲ. ಇದನ್ನು ಮೀರುವ ಪ್ರಯತ್ನವು ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ 'ಪೆಸಿಫಿಕ್ ನ್ಯೂಸ್ ಸರ್ವಿಸ್' ಎಂಬ ಸುದ್ದಿಸಂಸ್ಥೆಯನ್ನು ನಡೆಯಿಸುತ್ತಿದ್ದ ಸ್ಯಾಂಡಿ ಕ್ಲೋಸ್ ಎಂಬಾಕೆಯು ೧೯೯೬ರಲ್ಲಿ ಹಲವು ಜನಾಂಗಗಳ ಸಂಪಾದಕರನ್ನು ಒಂದೆಡೆ ಸೇರಿಸಿ 'ನ್ಯೂ ಕ್ಯಾಲಿಫೋರ್ನಿಯಾ ಮೀಡಿಯಾ' ಎಂಬ ಕೂಟವನ್ನು ಕಟ್ಟಿದರು. ಅದು ಮುಂದೆ 'ನ್ಯೂ ಅಮೆರಿಕಾ ಮೀಡಿಯಾ' ಎಂದಾಯಿತು. ಒಂದೇ ಪಟ್ಟಣದಲ್ಲಿ ಚೀನೀ, ವಿಯೆಟ್ನಾಮೀ, ಸ್ಪ್ಯಾನಿಷ್, ಕೊರಿಯನ್, ಪಾರಸೀ, ಪಂಜಾಬಿ ಭಾಷೆಗಳ ಪತ್ರಿಕೆಗಳು ಹೊರಡುತ್ತಿದ್ದರೂ ಒಂದರ ಸಂಪಾದಕನಿಗೆ ಇನ್ನೊಂದರಲ್ಲಿ ಏನಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಕೂಟವು ಇವುಗಳೆಲ್ಲಕ್ಕೂ ಸಾಧಾರಣವಾದ ಪಾರಿತೋಷಕಗಳನ್ನು ಏರ್ಪಡಿಸಿತು. ಅವನ್ನು ಜನಾಂಗಪತ್ರಿಕೆಗಳ ಪುಲಿಟ್ಜರ್ ಎಂದೂ ಕರೆದುದುಂಟು. ನ್ಯೂಯಾರ್ಕಿನಲ್ಲಿ ೨೦೦೧ರ ಸೆಪ್ಟೆಂಬರ್ ೧೧ರ ದುರಂತದ ತರುವಾಯ, ಸ್ವತಂತ್ರ ಪತ್ರಿಕೆಗಳ ಒಂದು ಸಂಘವು ನಗರದ ಜನಾಂಗಪತ್ರಿಕೆಗಳ ಲೇಖನಗಳನ್ನು ಆಯ್ದು ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸತೊಡಗಿತು. ಅರಬ್ಬೀ ಉರ್ದು ಪತ್ರಿಕೆಗಳನ್ನು ಮತ್ತೊಮ್ಮೆ ಸಂಶಯದಿಂದ ನೋಡುತ್ತಿದ್ದ ದಿನಗಳಲ್ಲಿ, ೧೯೧೭ರ ಕಾಯಿದೆಯು ಬೆದರಿಸಿ ಕೇಳಿದುದನ್ನೇ ಈ ಸಂಘವು ಸ್ನೇಹದಿಂದ ಕೇಳಿ ಪಡೆಯಿತು. ಅದೇ ಸಂಘವು ಆರಂಭಿಸಿದ 'ಇಪ್ಪೀಸ್' ಎಂಬ ಪಾರಿತೋಷಕಗಳು ಮುಂದೆ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಪತ್ರಿಕಾವಿದ್ಯಾಶಾಲೆಯ ಆಶ್ರಯಕ್ಕೆ ಬಂದುವು.

ಇಂಥ ಪಾರಿತೋಷಕವನ್ನು ನಿರ್ಣಯಿಸುವುದು ಸುಲಭವಲ್ಲ. ಹತ್ತು ಭಾಷೆಗಳ ಲೇಖನಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ, ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಓದಬೇಕು. ಇಲ್ಲವೆ ಆಯಾ ಭಾಷೆಯನ್ನು ಬಲ್ಲವರನ್ನು ಪರೀಕ್ಷಕರನ್ನಾಗಿ ಮಾಡಬೇಕು. ಮೊದಲನೆಯ ಮಾರ್ಗದಲ್ಲಿ ಶೈಲಿಯು ಕೆಡುವುದು. ತಲೆಬರಹದ ಶ್ಲೇಷೆ, ಗೌರವವಾಚಕದಲ್ಲಿ ಅಡಗಿದ ಕುಹಕ, ಗಾದೆಯ ಚುರುಕು ಇವು ದಾರಿಯಲ್ಲಿಯೇ ಉದುರಿಹೋಗುವುವು. ಎರಡನೆಯದರಲ್ಲಿ ಪರೀಕ್ಷಕನೂ ಸ್ಪರ್ಧಿಯೂ ಒಂದೇ ಸಣ್ಣ ಸಮಾಜದವರಾಗಿ, ನಂಟು, ಪಕ್ಷ, ಹಳೆಯ ಜಗಳಗಳು ನಡುವೆ ಬರುವುವು. ಇದಲ್ಲದೆ, ದೊಡ್ಡ ಪತ್ರಿಕೆಗಳ ಶಾಸ್ತ್ರವು ವರದಿಗಾರನು ಪಕ್ಷವಹಿಸಬಾರದೆಂದು ಹೇಳುವುದು. ಜನಾಂಗಪತ್ರಿಕೆಯೋ ತನ್ನವರ ಪಕ್ಷವಹಿಸಲೆಂದೇ ಹುಟ್ಟಿದುದು. ಬಾಡಿಗೆದಾರರ ಮೇಲಾದ ಅನ್ಯಾಯವನ್ನು ಬರೆದ ಲೇಖನದ ಕೊನೆಯಲ್ಲಿ ವಕೀಲರ ಸಹಾಯವು ಎಲ್ಲಿ ಸಿಕ್ಕುವುದೆಂಬ ವಿಳಾಸವೂ ಇದ್ದರೆ, ಅದು ಗುಣವೋ ದೋಷವೋ? ಗುಣವೆಂದು ಒಪ್ಪುವ ಪರೀಕ್ಷಕರು ಬೇಕಾದುದರಿಂದಲೇ ಬೇರೆ ಪಾರಿತೋಷಕಗಳು ಅವಶ್ಯಕವಾದುವು. ಭಾಷಾಂತರದ ದೋಷಗಳು ಎಷ್ಟೇ ಇರಲಿ, ಸ್ಪರ್ಧೆಯ ನೆಪದಿಂದ ಒಂದು ಜನಾಂಗದ ದೂರು ಇನ್ನೊಂದು ಜನಾಂಗದ ಕಿವಿಗೆ ಬೀಳುವುದು. ಪದಕಕ್ಕಿಂತ ಈ ಲಾಭವೇ ದೊಡ್ಡದು. ಸೋತ ಲೇಖನಕ್ಕೂ ಅದು ದೊರೆಯುವುದು.

ಹಾಗೆ ಕಿವಿಗೆ ಬೀಳದಿದ್ದರೆ ಆಗುವ ನಷ್ಟಕ್ಕೆ ಕೆನಡಾದ ತಾರಾಸಿಂಗ್ ಹಯರ್ ಅವರ ಚರಿತ್ರೆಯೇ ಸಾಕ್ಷಿ. ಅವರು ೧೯೭೮ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 'ಇಂಡೋ-ಕೆನೇಡಿಯನ್ ಟೈಮ್ಸ್' ಎಂಬ ಪಂಜಾಬಿ ವಾರಪತ್ರಿಕೆಯನ್ನು ಸ್ಥಾಪಿಸಿದರು. ೧೯೮೫ರ ಜೂನ್ ೨೩ರಲ್ಲಿ ಏರ್ ಇಂಡಿಯಾ ವಿಮಾನವು ಬಾಂಬಿನಿಂದ ಸಿಡಿದು ೩೨೯ ಮಂದಿ ಸತ್ತರು. ಆ ಹತ್ಯೆಯ ಹಿಂದಿನ ಉಗ್ರಗಾಮಿಗಳನ್ನು ಹಯರ್ ಅವರು ತಮ್ಮ ಪತ್ರಿಕೆಯಲ್ಲಿ ಎಡೆಬಿಡದೆ ಖಂಡಿಸಿದರು. ೧೯೮೮ರಲ್ಲಿ ಅವರ ಕಚೇರಿಯಲ್ಲಿಯೇ ಅವರಿಗೆ ಗುಂಡುಹೊಡೆದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತು ಮತ್ತೆ ಹತ್ತು ವರುಷ ಪತ್ರಿಕೆಯನ್ನು ನಡೆಯಿಸಿದರು. ೧೯೯೫ರಲ್ಲಿ ಪ್ರಾಂತದ ಉನ್ನತ ಗೌರವವು ಅವರಿಗೆ ಸಂದಿತು. ಅದೇ ವರುಷ ವಿಮಾನದ ಮೊಕದ್ದಮೆಯಲ್ಲಿ ಪೊಲೀಸರಿಗೆ ಹೇಳಿಕೆಯನ್ನೂ ಕೊಟ್ಟರು. ೧೯೯೮ರ ನವೆಂಬರ್ ೧೮ರಲ್ಲಿ ಮನೆಯ ವಾಹನಶಾಲೆಯಲ್ಲಿ, ಕಾರಿನಿಂದ ಗಾಲಿಕುರ್ಚಿಗೆ ಇಳಿಯುತ್ತಿದ್ದಾಗ, ಅವರನ್ನು ಕೊಂದರು. ಸಾಕ್ಷಿಯೇ ಇಲ್ಲವಾದುದರಿಂದ ಆ ಹೇಳಿಕೆಯು ನ್ಯಾಯಾಲಯದಲ್ಲಿ ನಿಲ್ಲದೆಹೋಯಿತು. ಅಭಿವ್ಯಕ್ತಿಸ್ವಾತಂತ್ರ್ಯಕ್ಕಾಗಿ ಸೇರಿದ ಕೆನಡಾದ ಪತ್ರಕರ್ತರ ಸಂಘವು ಬಳಿಕ ಅವರ ಹೆಸರಿನಲ್ಲಿ ಪಾರಿತೋಷಕವನ್ನು ಕೊಡಲಾರಂಭಿಸಿತು. ಪಂಜಾಬಿಯನ್ನು ಓದದ ಕೆನಡಾದವರಲ್ಲಿ ಎಷ್ಟೋ ಮಂದಿಗೆ ಅವರ ಹೆಸರು ತಿಳಿದುದು ಗುಂಡಿನ ಸದ್ದಿನಿಂದ; ಅವರು ಬರೆದುದೇನೆಂಬುದು ಆಗಲೂ ತಿಳಿಯಲಿಲ್ಲ. ನ್ಯೂಯಾರ್ಕಿನ ಸ್ಪ್ಯಾನಿಷ್ ದಿನಪತ್ರಿಕೆಯೊಂದರ ಹಿಂದಿನ ಸಂಪಾದಕರಾದ ಮಾನುಯೆಲ್ ದೆ ದಿಯೋಸ್ ೧೯೯೨ರಲ್ಲಿಯೂ, 'ಓಕ್ಲೆಂಡ್ ಪೋಸ್ಟ್' ಎಂಬ ಆಫ್ರಿಕಾಮೂಲದವರ ವಾರಪತ್ರಿಕೆಯ ಸಂಪಾದಕರಾದ ಚಾನ್ಸಿ ಬೇಲಿ ೨೦೦೭ರಲ್ಲಿಯೂ ಇದೇ ಬಗೆಯಾಗಿ ತಮ್ಮ ವೃತ್ತಿಯ ಕಾರಣದಿಂದಲೇ ಕೊಲೆಯಾದರು.

ಗೌರವದಿಂದ ಹೊಟ್ಟೆ ತುಂಬುವುದಿಲ್ಲವೆಂಬುದೂ ಸತ್ಯ. ವಿದ್ಯಾದಾನನಿಧಿಗಳ ನೆರವನ್ನು ನಂಬಿ ನಡೆಯುತ್ತಿದ್ದ 'ನ್ಯೂ ಅಮೆರಿಕಾ ಮೀಡಿಯಾ' ೨೦೧೭ರ ನವೆಂಬರಿನಲ್ಲಿ ಮುಚ್ಚಿಹೋಯಿತು. ಇತರರಿಗೆ ಪದಕಗಳನ್ನು ಕೊಟ್ಟ ಸಂಸ್ಥೆಗೇ ಜೀವನಕ್ಕಿಲ್ಲದಾಯಿತು. ಕ್ಲೋಸ್ ಅವರು ಮರುವರುಷವೇ 'ಎಥ್ನಿಕ್ ಮೀಡಿಯಾ ಸರ್ವಿಸಸ್' ಎಂಬ ಹೊಸ ಸಂಸ್ಥೆಯನ್ನು ಕಟ್ಟಿ ಕೆಲಸವನ್ನು ಮುಂದುವರಿಸಿದರು. ನ್ಯೂಯಾರ್ಕಿನ ವಿದ್ಯಾಶಾಲೆಯವರು ಬೇರೊಂದು ದಾರಿಯನ್ನು ಹಿಡಿದರು. ಪಾರಿತೋಷಕಗಳನ್ನು ನಡೆಯಿಸುತ್ತಿದ್ದ ಅವರ ಕೇಂದ್ರವು, ನಗರಸಭೆಯ ಇಲಾಖೆಗಳು ಜಾಹೀರಾತುಗಳಿಗಾಗಿ ವೆಚ್ಚಮಾಡುವ ಹಣವು ಯಾವ ಪತ್ರಿಕೆಗಳಿಗೆ ಸಲ್ಲುತ್ತಿದೆಯೆಂಬುದನ್ನು ೨೦೧೩ರಲ್ಲಿ ಲೆಕ್ಕಹಾಕಿ ಪ್ರಕಟಿಸಿತು. ಬಹುಭಾಗವು ಕೆಲವೇ ದೊಡ್ಡ ಪತ್ರಿಕೆಗಳಿಗೆ ಹೋಗುತ್ತಿದ್ದಿತು. ಈ ಲೆಕ್ಕವನ್ನು ಹಿಡಿದು ಹಲವು ವರುಷ ವಾದಿಸಿದ ಮೇಲೆ, ೨೦೧೯ರ ಮ�ೇ ತಿಂಗಳಲ್ಲಿ ನಗರಾಧ್ಯಕ್ಷರು ಒಂದು ಆಜ್ಞೆಯನ್ನು ಹೊರಡಿಸಿದರು: ಪ್ರತಿಯೊಂದು ಇಲಾಖೆಯೂ ಅಂಥ ವೆಚ್ಚದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಜನಾಂಗಪತ್ರಿಕೆ ಮತ್ತು ಸಮುದಾಯಪತ್ರಿಕೆಗಳಿಗೆ ಸಲ್ಲಿಸತಕ್ಕದ್ದು. ೨೦೨೧ರಲ್ಲಿ ಅದು ನಗರದ ಶಾಸನವೇ ಆಯಿತು. ಈಗ ಇಲಾಖೆಯ ಗುಮಾಸ್ತನು ಜಾಹೀರಾತನ್ನು ಕಳುಹಿಸುವ ಮೊದಲು ಅದನ್ನು ಬಂಗಾಳಿ, ಚೀನೀ, ಹೈಟಿಯ ಕ್ರಿಯೋಲ್ ಮೊದಲಾದ ಭಾಷೆಗಳಿಗೆ ತಿರುಗಿಸಿಕೊಳ್ಳಬೇಕಾಗಿದೆ. ಭಾಷಾಂತರದ ಖರ್ಚು ಸರ್ಕಾರದ್ದು.